ಪರ್ಸೆಂಟ್ ಗಂಟಿನೊಳಗಿನ ಕನ್ನಡ

ಕನ್ನಡ ವಿಕಿಪೀಡಿಯದಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ಪುಟವಿದೆ. ಒಂದು ಭಾನುವಾರ ಅದರ ಲಿಂಕನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಐದು ನಿಮಿಷ ಕಳೆದಿರಲಿಲ್ಲ, ಅತ್ತಿಗೆ ಫೋನ್ ಮಾಡಿದರು. ಅವರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು.

“ಏನಪ್ಪಾ ಕಳ್ಸಿದೀಯ? ಬರೀ ಪರ್ಸೆಂಟು, ಬರೀ ನಂಬರು. ಬ್ಯಾಂಕಿನ ದುಡ್ಡು ಹೊಡಿಯೋರು ಕಳ್ಸೋ ಲಿಂಕ್ ಇದ್ದಂಗಿದೆ.”

“ಇಲ್ಲ ಅತ್ತಿಗೆ, ಅದರಲ್ಲಿ ಕನ್ನಡ ಅಂತ್ಲೇ ಬರೆದಿರೋದು.”

“ಎಲ್ಲಿದೆ? ತೋರ್ಸು ನೋಡಣ.”

ಸಂಜೆ ಅವರ ಮನೆಗೆ ಹೋಗಿ, ಹಾಳೆ ಪೆನ್ನು ಹಿಡಿದು ಕೂತು ತೋರಿಸಿದೆ. ಮೊದಲ ತುಂಡು %ಇ0%ಬಿ2%95. (ಲಿಂಕಿನಲ್ಲಿ ಇಂಗ್ಲಿಷ್ ಅಕ್ಷರಗಳಿರುವ ಕಡೆ ಇಲ್ಲಿ ಅವುಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.) ಇದು ‘ಕ’. ಮುಂದಿನದು %ಇ0%ಬಿ2%ಎ8, ಇದು ‘ನ’. ಆಮೇಲೆ %ಇ0%ಬಿ3%8ಡಿ. ಅತ್ತಿಗೆ ಕೇಳಿದರು, “ಇದು ಇನ್ನೊಂದು ನ ತಾನೇ?” ಅಲ್ಲ, ಅದು ಬರೀ ಹಲಂತದ ಗುರುತು, ಅಂದರೆ ಹಿಂದಿನ ನಕಾರದ ಅಕಾರವನ್ನು ತೆಗೆಯುವ ‘್’. ಅದಾದ ಮೇಲೆ ಮತ್ತೆ ‘ನ’, ಕೊನೆಗೆ %ಇ0%ಬಿ2%ಎ1 ಅಂದರೆ ‘ಡ’. ನಾವು ಮೂರು ಅಕ್ಷರವೆಂದು ಎಣಿಸುವ ‘ಕನ್ನಡ’ ಕಂಪ್ಯೂಟರಿಗೆ ಐದು ಸಂಕೇತ. ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಂದೊಂದು ಬೈಟಿಗೂ ಒಂದು ಪರ್ಸೆಂಟ್ ಚಿಹ್ನೆ ಮತ್ತು ಅದರ ನಂತರ ಎರಡು ಅಂಕೆ ಅಥವಾ ಅಕ್ಷರ. ಐದು, ಮೂರು, ಮೂರು ಗುಣಿಸಿದರೆ 45. ಮೂರಕ್ಷರದ ನುಡಿಯ ಹೆಸರು ಲಿಂಕಿನಲ್ಲಿ 45 ಚಿಹ್ನೆಯಷ್ಟು ಉದ್ದವಾಗುವುದು ಹೀಗೆ. ‘ಕರ್ನಾಟಕ’ವಾದರೆ 63.

ಒತ್ತಕ್ಷರವನ್ನು ಬಿಡಿಸಿ ಬರೆಯುವುದು ವ್ಯಾಕರಣದ ತರಗತಿಯಲ್ಲಿ ಅವರು ದಿನವೂ ಮಾಡಿಸುವ ಕೆಲಸ. ಎರಡನೇ ಪದಕ್ಕೆ ಪೆನ್ನು ಅವರೇ ತೆಗೆದುಕೊಂಡರು. ಆಗ ಇನ್ನೊಂದು ಗುಟ್ಟನ್ನೂ ಹೇಳಿದೆ. ಕನ್ನಡದ ಯಾವ ಅಕ್ಷರವಾದರೂ ಸರಿ, ಲಿಂಕಿನಲ್ಲಿ ಅದು ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗುತ್ತದೆ. ಸ್ವರ, ವ್ಯಂಜನಗಳೆಲ್ಲ ಹೆಚ್ಚುಕಡಿಮೆ ಬಿ2 ಮನೆಯವು. ಹಲಂತ, ಬಹುತೇಕ ಗುಣಿತದ ಚಿಹ್ನೆಗಳು, ಕನ್ನಡ ಅಂಕಿಗಳು ಬಿ3 ಮನೆಯವು. ಪಕ್ಕದ ತೆಲುಗಿಗೆ ಇ0 ಬಿ0 ಮತ್ತು ಬಿ1, ಮಲಯಾಳಕ್ಕೆ ಬಿ4 ಮತ್ತು ಬಿ5. ಸರ್ವರಿನ ದಾಖಲೆಯಲ್ಲಿ ಸಾವಿರಾರು ಸಾಲುಗಳ ನಡುವೆ ಇ0 ಬಿ2 ಕಣ್ಣಿಗೆ ಬಿದ್ದರೆ, ಯಾರೋ ಒಬ್ಬರು ಕನ್ನಡದ ಪುಟ ಕೇಳಿದ್ದಾರೆ ಎಂದು ಗೊತ್ತಾಗುತ್ತದೆ. ನನಗೆ ಈಗಲೂ ಅದು ಕಂಡಾಗ ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಷ್ಟು ಸಂತೋಷವಾಗುತ್ತದೆ.

ಇಷ್ಟೆಲ್ಲ ಸುತ್ತುಬಳಸು ಯಾಕೆ ಬೇಕಾಯಿತು? ವೆಬ್ ವಿಳಾಸದ ನಿಯಮ ಹುಟ್ಟಿದಾಗ ಅದರ ಕೈಯಲ್ಲಿದ್ದದ್ದು ಆಸ್ಕಿ ಎಂಬ ಹಳೆಯ ಅಮೆರಿಕನ್ ಸಂಕೇತಪಟ್ಟಿ. 1963ರಲ್ಲಿ ಮೊದಲು ಹೊರಬಂದ ಆ ಪಟ್ಟಿಯಲ್ಲಿ ಇರುವುದೇ 128 ಮನೆ. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಅದು ಸಾಕಾಯಿತು. ಟಿಮ್ ಬರ್ನರ್ಸ್-ಲೀ ಮತ್ತು ಜೊತೆಗಾರರು 1994ರ ಡಿಸೆಂಬರಿನಲ್ಲಿ ವಿಳಾಸದ ನಿಯಮಗಳನ್ನು ಬರೆದಿಟ್ಟಾಗ, ಈ ಪಟ್ಟಿಯ ಹೊರಗಿನದು ಏನೇ ಬಂದರೂ ಪರ್ಸೆಂಟ್ ಹಾಕಿ ಎರಡು ಅಂಕೆಯಲ್ಲಿ ಬರೆಯಿರಿ ಎಂದರು. ಆ ಬೈಟುಗಳು ಯಾವ ಸಂಕೇತಪದ್ಧತಿಯವು ಎಂಬುದನ್ನು ಮಾತ್ರ ಹೇಳಲಿಲ್ಲ. ಅದಕ್ಕೆ ಉತ್ತರ ಬೇರೆಡೆ ಆಗಲೇ ಸಿದ್ಧವಾಗಿತ್ತು. 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಕೂತಿದ್ದರು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಗೀಚಿದ ಪದ್ಧತಿಯೇ ಯುಟಿಎಫ್-8. ಜಗತ್ತಿನ ಯಾವ ಲಿಪಿಯನ್ನಾದರೂ ಬೈಟುಗಳ ಸಾಲಾಗಿ ಬರೆಯಲು ಅದರಲ್ಲಿ ದಾರಿಯಿದೆ. ಆದರೆ ವಿಳಾಸದ ನಿಯಮದ ಪುಸ್ತಕದಲ್ಲಿ ಅದಕ್ಕೆ ಸರಿಯಾದ ಜಾಗ ಸಿಕ್ಕಿದ್ದು 2005ರ ಜನವರಿಯಲ್ಲಿ, ನಿಯಮಗಳನ್ನು ಹೊಸದಾಗಿ ಬರೆದಾಗ. ನಡುವಿನ ಹತ್ತು ವರ್ಷ ಒಬ್ಬೊಬ್ಬರದು ಒಂದೊಂದು ರೀತಿ. ಟಾಮ್‌ಕ್ಯಾಟ್ ಎಂಬ ಹೆಸರಾಂತ ಸರ್ವರ್ ತನ್ನ ಏಳನೇ ಆವೃತ್ತಿಯವರೆಗೂ ವಿಳಾಸದ ಬೈಟುಗಳನ್ನು ಪಶ್ಚಿಮ ಯುರೋಪಿನ ಅಕ್ಷರಗಳೆಂದೇ ಓದುತ್ತಿತ್ತು. ಆಗ ಕನ್ನಡದ ಒಂದು ‘ಕ’ ಕಳಿಸಿದರೆ ಆ ಕಡೆ ತಲೆಬುಡವಿಲ್ಲದ ಮೂರು ಚಿಹ್ನೆಗಳು ಇಳಿಯುತ್ತಿದ್ದವು. ಎಂಟನೇ ಆವೃತ್ತಿಯಿಂದ ಅದು ಸರಿಹೋಯಿತು.

ಪರ್ಸೆಂಟ್ ಬಂದದ್ದು ಪರಭಾಷೆಗಳಿಗಾಗಿ ಮಾತ್ರ ಎಂದುಕೊಳ್ಳಬಾರದು. ವಿಳಾಸದಲ್ಲಿ ಕೆಲವು ಚಿಹ್ನೆಗಳಿಗೆ ಉದ್ಯೋಗ ಕೊಟ್ಟಿದ್ದಾರೆ. ಸ್ಲ್ಯಾಶ್ ಎಂದರೆ ಒಂದು ಫೋಲ್ಡರ್ ಮುಗಿದು ಇನ್ನೊಂದು ಶುರುವಾಯಿತು ಎಂದರ್ಥ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದೆ ಹುಡುಕಾಟದ ವಿವರ. ‘&’ ಒಂದು ವಿವರವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಹೀಗೆ ಉದ್ಯೋಗವಿರುವ ಚಿಹ್ನೆ ಒಟ್ಟು 18. ಯಾವ ಅಡ್ಡಿಯೂ ಇಲ್ಲದೆ ಓಡಾಡಬಹುದಾದವು 66: ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರಗಳು, ಹತ್ತು ಅಂಕಿ, ಜೊತೆಗೆ ನಾಲ್ಕು ಚಿಹ್ನೆ. ಉದ್ಯೋಗಸ್ಥ ಚಿಹ್ನೆಯೊಂದು ಕೆಲಸಕ್ಕೆ ಬರದೆ ಬರೀ ಹೆಸರಿನ ಭಾಗವಾಗಿ ಬಂದರೆ ಅದನ್ನು ಗಂಟು ಕಟ್ಟಿ ಕಳಿಸಬೇಕು. ಸ್ಲ್ಯಾಶ್ %2ಎಫ್ ಆಗುತ್ತದೆ, ‘&’ %26 ಆಗುತ್ತದೆ, ಖಾಲಿ ಜಾಗ %20 ಆಗುತ್ತದೆ. ಪರ್ಸೆಂಟ್ ಚಿಹ್ನೆಯೇ ಹೆಸರಿನಲ್ಲಿದ್ದರೆ ಅದೂ %25 ಆಗಬೇಕು.

ಇದೊಂದು ಪುಟ್ಟ ವಿವರ ಎನಿಸಬಹುದು. ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪರಿಚಯದ ಯುವಕರ ಗುಂಪೊಂದು ರಕ್ತದಾನಿಗಳ ಪಟ್ಟಿಯ ವೆಬ್‌ಸೈಟ್ ಮಾಡಿತ್ತು. ರಕ್ತದ ಗುಂಪು ಒತ್ತಿದರೆ ದಾನಿಗಳ ಹೆಸರು ಬರಬೇಕು. ಒಂದು ರಾತ್ರಿ ಬಿ ಪಾಸಿಟಿವ್ ಬೇಕಾಗಿತ್ತು. ಒತ್ತಿದರೆ ‘ಯಾರೂ ಇಲ್ಲ’ ಎಂದು ಬರುತ್ತಿತ್ತು, ಪಟ್ಟಿಯಲ್ಲಿ ಬೇಕಾದಷ್ಟು ಜನ ಇದ್ದರೂ. ಕಾರಣ ಹುಡುಕಿದರೆ ಸಿಕ್ಕಿದ್ದು ಪ್ಲಸ್ ಚಿಹ್ನೆ. ಹುಡುಕಾಟದ ವಿವರದಲ್ಲಿ ಪ್ಲಸ್ ಬಂದರೆ ಅದನ್ನು ಖಾಲಿ ಜಾಗ ಎಂದು ಓದುವುದು ಫಾರ್ಮುಗಳ ಹಳೆಯ ರೂಢಿ. ಲಿಂಕ್ ಬರೆದವರು ‘ಬಿ+’ ಎಂದು ಹಾಗೇ ಅಂಟಿಸಿಬಿಟ್ಟಿದ್ದರು. ಸರ್ವರಿಗೆ ತಲುಪಿದ್ದು ‘ಬಿ’ ಮತ್ತು ಅದರ ಹಿಂದೆ ಒಂದು ಖಾಲಿ ಜಾಗ. ಪ್ಲಸ್ಸನ್ನು %2ಬಿ ಎಂದು ಕಟ್ಟಿ ಕಳಿಸಿದ್ದರೆ ಸಾಕಿತ್ತು. ಆ ರಾತ್ರಿ ಫೋನಿನಲ್ಲೇ ದಾನಿಯನ್ನು ಹುಡುಕಿದರು, ರೋಗಿಗೆ ರಕ್ತ ಸಿಕ್ಕಿತು. ಆದರೆ ನೆಗೆಟಿವ್ ಗುಂಪುಗಳೆಲ್ಲ ಸರಿಯಾಗಿ ಬರುತ್ತಿದ್ದುದರಿಂದ ವೆಬ್‌ಸೈಟಿನಲ್ಲಿ ದೋಷವಿದೆ ಎಂಬ ಅನುಮಾನವೇ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

ಸ್ಲ್ಯಾಶಿನ ಕಥೆ ಇನ್ನೂ ತೊಡಕಿನದು. ಹಳ್ಳಿಯಲ್ಲಿ ಜಮೀನು ಇರುವವರಿಗೆಲ್ಲ ಪಹಣಿಯ ಸರ್ವೆ ನಂಬರ್ ಗೊತ್ತು: 45/2, 118/3ಎ, ಹೀಗೆ. ಅಣ್ಣತಮ್ಮಂದಿರು ಪಾಲಾದಂತೆಲ್ಲ ಹಿಸ್ಸೆ ಬೆಳೆಯುತ್ತದೆ, ಸ್ಲ್ಯಾಶ್ ಸೇರುತ್ತದೆ. ಸರ್ಕಾರಿ ಕಚೇರಿಯ ಕಡತ ಸಂಖ್ಯೆಗಳೂ ಸ್ಲ್ಯಾಶಿಲ್ಲದೆ ಇರುವುದು ಅಪರೂಪ. ಈಗ ಪ್ರತಿ ಸರ್ವೆ ನಂಬರಿಗೂ ಒಂದು ಪುಟ ಎಂದುಕೊಂಡು ವಿಳಾಸದ ಕೊನೆಗೆ 45/2 ಎಂದು ಬರೆದರೆ, 45 ಎಂಬ ಫೋಲ್ಡರಿನೊಳಗಿನ 2 ಎಂಬ ಫೈಲನ್ನು ಸರ್ವರ್ ಹುಡುಕುತ್ತದೆ. ಸರಿ, ನಿಯಮದಂತೆ 45%2ಎಫ್2 ಎಂದು ಕಟ್ಟಿ ಕಳಿಸಿದೆವು ಅನ್ನಿ. ಅಪಾಚೆ ಸರ್ವರ್ ಏನೂ ಹೊಂದಿಸದೆ ಇದ್ದರೆ ಇದಕ್ಕೆ 404 ಎನ್ನುತ್ತದೆ, ಅಂಥ ಪುಟವೇ ಇಲ್ಲ ಎಂದು. ದಾರಿಯ ಭಾಗದಲ್ಲಿ ಕಟ್ಟಿದ ಸ್ಲ್ಯಾಶ್ ಕಂಡರೆ ಒಳಗೆ ಬಿಡಬಾರದು ಎಂಬುದು ಅದರ ಮೂಲ ಸೆಟ್ಟಿಂಗ್. ಅಲೋ-ಎನ್‌ಕೋಡೆಡ್-ಸ್ಲ್ಯಾಶಸ್ ಎಂಬ ಆ ಸೂಚನೆಗೆ ಮೂರು ಬೆಲೆಗಳಿವೆ. ‘ಆಫ್’ ಎಂದರೆ ಬಿಡಬೇಡ. ‘ಆನ್’ ಎಂದರೆ ಬಿಟ್ಟುಕೊಂಡು ಗಂಟನ್ನೂ ಬಿಚ್ಚು. ‘ನೋ-ಡಿಕೋಡ್’ ಎಂದರೆ ಒಳಗೆ ಬಿಡು, ಆದರೆ ಗಂಟು ಮುಟ್ಟಬೇಡ. ಸರ್ವೆ ನಂಬರಿನಂಥ ಕೆಲಸಕ್ಕೆ ಬೇಕಾದದ್ದು ಮೂರನೆಯದು. ‘ಆನ್’ ಹಾಕಿದರೆ ಬಿಚ್ಚಿದ ಸ್ಲ್ಯಾಶ್ ಮತ್ತೆ ಫೋಲ್ಡರಿನ ಗೆರೆಯಾಗಿಬಿಡುತ್ತದೆ, ಕಟ್ಟಿ ಕಳಿಸಿದ್ದೇ ದಂಡ.

ನಿಜವಾದ ತೊಂದರೆ ಇರುವುದು ಗಂಟನ್ನು ಯಾರು, ಯಾವಾಗ ಬಿಚ್ಚಬೇಕು ಎಂಬುದರಲ್ಲಿ. ಇವತ್ತು ಒಂದು ವೆಬ್‌ಸೈಟಿನ ಹಿಂದೆ ಒಂದೇ ಸರ್ವರ್ ಇರುವುದಿಲ್ಲ. ಮುಂಬಾಗಿಲಲ್ಲಿ ಎಂಜಿನ್‌ಎಕ್ಸ್ ಎಂಬ ಸರ್ವರ್ ನಿಂತಿರುತ್ತದೆ, ಅದರ ಹಿಂದೆ ಇನ್ನೊಂದು ಸರ್ವರ್, ಅದರ ಹಿಂದೆ ಪಿಎಚ್‌ಪಿಯಲ್ಲೋ ಜಾವಾದಲ್ಲೋ ಬರೆದ ಪ್ರೋಗ್ರಾಮು. ಮುಂಬಾಗಿಲಿನವನು ಗಂಟು ಬಿಚ್ಚಿ ಒಳಗೆ ಕೊಟ್ಟ, ಒಳಗಿನವನು ಅದನ್ನು ಮತ್ತೊಮ್ಮೆ ಬಿಚ್ಚಲು ಹೋದ ಅನ್ನಿ. ಹೆಸರಿನಲ್ಲಿ ನಿಜವಾಗಿಯೂ ಇದ್ದ ಪರ್ಸೆಂಟ್ ಚಿಹ್ನೆಯನ್ನು ಅವನು ಗಂಟೆಂದು ತಿಳಿದು ಹರಿಯುತ್ತಾನೆ. ತಿರುವುಮುರುವಾಗಿ ಕಟ್ಟಿದ್ದನ್ನೇ ಮತ್ತೆ ಕಟ್ಟಿದರೆ %20 ಹೋಗಿ %2520 ಆಗುತ್ತದೆ. ನಿಮ್ಮ ವೆಬ್‌ಸೈಟಿನ ಲಿಂಕುಗಳಲ್ಲಿ 25 ಎಂಬ ಅಂಕೆ ಪದೇ ಪದೇ ಕಾಣಿಸಿದರೆ ಎಲ್ಲೋ ಎರಡು ಸಲ ಗಂಟು ಬಿದ್ದಿದೆ ಎಂದೇ ಲೆಕ್ಕ. ಎಂಜಿನ್‌ಎಕ್ಸ್‌ನಲ್ಲಂತೂ ಹಿಂದಿನ ಸರ್ವರಿನ ವಿಳಾಸ ಬರೆಯುವಾಗ ಕೊನೆಗೊಂದು ಸ್ಲ್ಯಾಶ್ ಸೇರಿಸಿದಿರೋ, ಅದು ದಾರಿಯನ್ನು ಬಿಚ್ಚಿ ನೋಡಿ ಹೊಸದಾಗಿ ಕಟ್ಟಿ ಕಳಿಸುತ್ತದೆ. ಸ್ಲ್ಯಾಶ್ ಬಿಟ್ಟರೆ ಬಂದದ್ದು ಬಂದಂತೆಯೇ ಹೋಗುತ್ತದೆ. ಈ ಒಂದು ಗೆರೆಗಾಗಿ ಎರಡು ದಿನ ನಿದ್ದೆಗೆಟ್ಟವರನ್ನು ನಾನು ಬಲ್ಲೆ.

ಪಾಲಿಸಬೇಕಾದ ಕ್ರಮ ಹೇಳುವುದಕ್ಕೆ ಸುಲಭ. ಮೊದಲು ಗೆರೆಗಳ ಪ್ರಕಾರ ವಿಳಾಸವನ್ನು ತುಂಡು ಮಾಡಬೇಕು, ಆಮೇಲೆ ಒಂದೊಂದು ತುಂಡನ್ನೂ ಒಂದೇ ಸಲ ಬಿಚ್ಚಬೇಕು. ‘ರಾಗಿ & ಜೋಳ’ ಎಂದು ಹುಡುಕಿದವರ ವಿಳಾಸವನ್ನು ಮೊದಲೇ ಬಿಚ್ಚಿ ಆಮೇಲೆ ತುಂಡು ಮಾಡಿದರೆ ರಾಗಿ ಉಳಿಯುತ್ತದೆ, ಜೋಳ ಕಳೆದುಹೋಗುತ್ತದೆ.

ಕ್ರಮ ತಪ್ಪಿದಾಗ ಜೋಳ ಕಳೆದುಹೋಗುವುದಷ್ಟೇ ಅಲ್ಲ, ಮನೆಗೆ ಕಳ್ಳರೂ ನುಗ್ಗಿದ್ದಾರೆ. ವಿಳಾಸದಲ್ಲಿ ಎರಡು ಚುಕ್ಕಿ ಬರೆದರೆ ‘ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಹೋಗು’ ಎಂದರ್ಥ. ಹೀಗೆ ಮೇಲೆ ಮೇಲೆ ಹತ್ತಿ ವೆಬ್‌ಸೈಟಿನ ಅಂಗಳ ದಾಟಿ ಕಂಪ್ಯೂಟರಿನ ಒಳಕೋಣೆಗೆ ಹೋಗದಂತೆ ಪ್ರತಿ ಸರ್ವರೂ ಕಾವಲು ಇಟ್ಟಿರುತ್ತದೆ. 2000ನೇ ಇಸವಿಯಲ್ಲಿ ಮೈಕ್ರೋಸಾಫ್ಟಿನ ಐಐಎಸ್ ಸರ್ವರಿನ ಕಾವಲು ಸ್ಲ್ಯಾಶನ್ನು ಗುರುತಿಸುತ್ತಿತ್ತು, ಆದರೆ ಯುಟಿಎಫ್-8ನ ನಿಯಮ ಮುರಿದು ಎರಡು ಬೈಟಿನಲ್ಲಿ ಬರೆದ ಸ್ಲ್ಯಾಶನ್ನು ಗುರುತಿಸುತ್ತಿರಲಿಲ್ಲ. ಮರುವರ್ಷ ಅದೇ ಸರ್ವರಿನಲ್ಲಿ ಎರಡು ಸಲ ಬಿಚ್ಚುವ ದೋಷ ಸಿಕ್ಕಿತು. ಎರಡಕ್ಕೂ ಪರಿಹಾರ ಬಂದಿತ್ತು, ಹಾಕಿಕೊಳ್ಳದವರು ಬಹಳ ಮಂದಿ. 2001ರ ಸೆಪ್ಟೆಂಬರ್ 18ರಂದು ನಿಮ್ಡಾ ಎಂಬ ಹುಳು ಹರಡಿದಾಗ ಅದು ಬಳಸಿಕೊಂಡ ದಾರಿಗಳಲ್ಲಿ ಇವೂ ಸೇರಿದ್ದವು.

ಇಪ್ಪತ್ತು ವರ್ಷ ಕಳೆದ ಮೇಲಾದರೂ ಪಾಠ ಕಲಿತಿರಬೇಕಲ್ಲವೇ? 2021ರಲ್ಲಿ ಅಪಾಚೆಯ 2.4.49 ಆವೃತ್ತಿ ಬಂತು. ದಾರಿಯನ್ನು ಶುದ್ಧಮಾಡುವ ಭಾಗವನ್ನು ಅದರಲ್ಲಿ ಹೊಸದಾಗಿ ಬರೆದಿದ್ದರು. ಎರಡು ಚುಕ್ಕಿ ನೇರವಾಗಿ ಬಂದರೆ ಅದು ಹಿಡಿಯುತ್ತಿತ್ತು. ಮೊದಲನೆಯದನ್ನು ಚುಕ್ಕಿಯಾಗಿಯೇ ಬಿಟ್ಟು ಎರಡನೆಯದನ್ನು %2ಇ ಎಂದು ಕಟ್ಟಿ ಕಳಿಸಿದರೆ ಕಣ್ತಪ್ಪಿ ಒಳಗೆ ಬಿಡುತ್ತಿತ್ತು. ಸರ್ವರಿನ ಉಳಿದ ಕಡತಗಳಿಗೆ ‘ಯಾರಿಗೂ ಪ್ರವೇಶವಿಲ್ಲ’ ಎಂಬ ಸೂಚನೆ ಹಾಕದೆ ಇದ್ದವರ ಮನೆ ತೆರೆದುಹೋಯಿತು. ಸುದ್ದಿ ಹೊರಬೀಳುವ ಹೊತ್ತಿಗೆ ಕೇಡಿಗಳು ಇದನ್ನು ಬಳಸಲು ಶುರುಮಾಡಿಯೂ ಆಗಿತ್ತು. ಅಕ್ಟೋಬರ್ 4ರಂದು 2.4.50 ಬಿಟ್ಟರು. ಅದೂ ಸಾಲಲಿಲ್ಲ. ಈ ಸಲ ದಾಳಿಕೋರರು ಗಂಟಿನೊಳಗೆ ಗಂಟು ಇಟ್ಟರು: %%32%65. ಒಮ್ಮೆ ಬಿಚ್ಚಿದರೆ %32 ಎಂಬುದು ‘2’ ಆಗುತ್ತದೆ, %65 ಎಂಬುದು ‘ಇ’ ಆಗುತ್ತದೆ, ಉಳಿಯುವುದು %2ಇ. ಅದನ್ನು ಇನ್ನೊಮ್ಮೆ ಬಿಚ್ಚಿದರೆ ಚುಕ್ಕಿ. ಅಕ್ಟೋಬರ್ 7ರಂದು 2.4.51 ಬಂದ ಮೇಲೆಯೇ ಬಾಗಿಲು ಮುಚ್ಚಿದ್ದು. ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಸರ್ವರುಗಳಲ್ಲೊಂದು, ನುರಿತವರು ಬರೆಯುವ ಪ್ರೋಗ್ರಾಮು. ಅವರ ಕೈಯಲ್ಲೇ ಹೀಗಾಯಿತೆಂದರೆ, ಬಂದ ವಿಳಾಸವನ್ನು ಕಂಡಕಂಡಲ್ಲಿ ಬಿಚ್ಚುವ ನಮ್ಮ ಸಣ್ಣಪುಟ್ಟ ವೆಬ್‌ಸೈಟುಗಳ ಪಾಡೇನು?

ಮತ್ತೆ ಕನ್ನಡಕ್ಕೆ ಬರುತ್ತೇನೆ. ನಮ್ಮ ಲಿಪಿಗೆ ಇಂಗ್ಲಿಷಿನವರಿಗೆ ಇಲ್ಲದ ಎರಡು ಕಷ್ಟಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರದ ಒತ್ತು ಬೀಳದಂತೆ ನಡುವೆ ಒಂದು ಕಾಣದ ಗುರುತು ಹಾಕುತ್ತೇವೆ. ಅದಕ್ಕೆ ಅಗಲವಿಲ್ಲ, ಶಾಯಿಯಿಲ್ಲ. ಲಿಂಕಿನಲ್ಲಿ ಮಾತ್ರ ಅದು %ಇ2%80%8ಸಿ ಎಂದು ಎದ್ದು ಕಾಣುತ್ತದೆ. ಆ ಗುರುತು ಇರುವ ವಿಳಾಸ ಬೇರೆ, ಇಲ್ಲದ ವಿಳಾಸ ಬೇರೆ. ವೆಬ್‌ಸೈಟ್, ಬಸ್‌ಸ್ಟ್ಯಾಂಡ್, ಹೀಗೆ ಕನ್ನಡಕ್ಕೆ ಬಂದ ಪದಗಳಲ್ಲಿ ಈ ಗುರುತು ಎಲ್ಲೆಲ್ಲೂ ಇದೆ. ಕೆಲವು ಪ್ರೋಗ್ರಾಮುಗಳು ‘ಕಾಣದ ಕಸ’ ಎಂದು ಇದನ್ನು ಗುಡಿಸಿಹಾಕುತ್ತವೆ. ಪುಟವನ್ನು ಉಳಿಸುವಾಗ ಗುಡಿಸದೆ, ಹುಡುಕುವಾಗ ಮಾತ್ರ ಗುಡಿಸಿದರೆ ಇದ್ದ ಪುಟವೂ ಸಿಗುವುದಿಲ್ಲ.

ಇನ್ನೊಂದು ಕಷ್ಟ ‘ಕೋಲಾರ’ದಂಥ ಹೆಸರುಗಳದು. ‘ೋ’ ಎಂಬ ಗುಣಿತಕ್ಕೆ, ಜಗತ್ತಿನ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಒಂದೇ ಸಂಕೇತವಿದೆ. ಅದನ್ನೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಕೋಲಾರ, ಲಿಂಕಿನಲ್ಲಿ ಒಂದು 45 ಚಿಹ್ನೆ, ಇನ್ನೊಂದು 63. ಮ್ಯಾಕ್ ಕಂಪ್ಯೂಟರುಗಳ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ತುಂಡಾಗಿಸಿಯೇ ಇಡುತ್ತಿತ್ತು. ಅಲ್ಲಿಂದ ಸರ್ವರಿಗೆ ಏರಿಸಿದ ಚಿತ್ರ, ಪಿಡಿಎಫ್‌ಗಳು ಪಟ್ಟಿಯಲ್ಲಿ ಕಂಡರೂ ತೆರೆಯುವುದಿಲ್ಲ. ಹೆಸರನ್ನು ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದುಕೊಂಡರೆ ಈ ಕಾಟ ತಪ್ಪುತ್ತದೆ. ಒಂದು ಸಾಲಿನ ಕೆಲಸ.

ಕನ್ನಡ ವೆಬ್‌ಸೈಟುಗಳಲ್ಲಿ ಹಲವು ನಡೆಯುವುದು ವರ್ಡ್‌ಪ್ರೆಸ್‌ನಲ್ಲಿ. ಅದು ಶೀರ್ಷಿಕೆಯಿಂದ ತಾನೇ ವಿಳಾಸ ಮಾಡಿಕೊಳ್ಳುತ್ತದೆ, ಆದರೆ ಪರ್ಸೆಂಟ್ ರೂಪದಲ್ಲಿ 200 ಚಿಹ್ನೆ ಮೀರುವಂತಿಲ್ಲ. ‘ಮಲೆನಾಡಿನ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ’ ಎಂಬ ಶೀರ್ಷಿಕೆ ಕೊಟ್ಟು ನೋಡಿ. ಮೊದಲ ಮೂರು ಪದಗಳಿಗೇ 22 ಸಂಕೇತ, ತಲಾ ಒಂಬತ್ತರಂತೆ 198, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. ರೋಗದ ಹೆಸರು ವಿಳಾಸಕ್ಕೆ ಬರುವುದೇ ಇಲ್ಲ. ಇಂಗ್ಲಿಷಿನ ಶೀರ್ಷಿಕೆಗೆ ಅದೇ ಜಾಗದಲ್ಲಿ 200 ಅಕ್ಷರ ಹಿಡಿಯುತ್ತದೆ. ಬೇರೆ ಶೀರ್ಷಿಕೆಗಳಲ್ಲಿ ಈ ಕತ್ತರಿ ಪದದ ನಡುವೆ ಬಿದ್ದು ಹಲಂತವೊಂದು ತೂಗಾಡುತ್ತಾ ಉಳಿಯುವುದೂ ಉಂಟು.

ಇದನ್ನೆಲ್ಲ ನೋಡಿದ ಕೆಲವರು, ವಿಳಾಸ ಇಂಗ್ಲಿಷಿನಲ್ಲೇ ಇರಲಿ ಬಿಡಿ, ಲಿಂಕ್ ಚೊಕ್ಕವಾಗಿರುತ್ತದೆ ಎಂದು ಸಲಹೆ ಕೊಡುತ್ತಾರೆ. ಅವರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಅತ್ತಿಗೆಯ ಭಯ ಸುಳ್ಳಲ್ಲ, ಪರ್ಸೆಂಟ್ ತುಂಬಿದ ಲಿಂಕ್ ನೋಡುವವರಿಗೆ ಅನುಮಾನ ಹುಟ್ಟಿಸುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗುತ್ತವೆ. ‘ಬಳೆ’ಗೂ ‘ಬಲೆ’ಗೂ, ‘ಕಲ್ಲು’ಗೂ ‘ಕಳ್ಳು’ಗೂ ವ್ಯತ್ಯಾಸ ಉಳಿಯುವುದಿಲ್ಲ. ‘ಮಳೆ’ಯನ್ನು ಎಂ, ಎ, ಎಲ್, ಇ ಎಂದು ಬರೆದರೆ ಇಂಗ್ಲಿಷ್ ಓದುವವರಿಗೆ ಅದು ‘ಗಂಡು’. ಲಿಂಕ್ ಉದ್ದವಾದರೂ ಪರ್ಸೆಂಟ್ ಗಂಟಿನೊಳಗೆ ಒಂದು ಒತ್ತೂ ಕಳೆದುಹೋಗುವುದಿಲ್ಲ, ಬಿಚ್ಚಿದವರಿಗೆ ಕಟ್ಟಿದ್ದು ಕಟ್ಟಿದ ಹಾಗೇ ಸಿಗುತ್ತದೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅದೇ ಲಿಂಕ್ ಅಚ್ಚುಕಟ್ಟಾಗಿ ಕನ್ನಡದಲ್ಲೇ ಕಾಣುತ್ತದೆ. ಡೊಮೇನಿನ ಹೆಸರಿಗೂ ಈಗ ಕನ್ನಡ ಲಿಪಿಯ ‘.ಭಾರತ’ ಇದೆ, ಅದರ ಕಟ್ಟುವ ರೀತಿ ಬೇರೆ ಅಷ್ಟೇ. ಬದಲಾಗಬೇಕಾದದ್ದು ಸಂದೇಶ ಕಳಿಸುವ ಆ್ಯಪ್‌ಗಳು, ಅವು ಗಂಟನ್ನು ಬಿಚ್ಚಿ ಹೆಸರು ತೋರಿಸಲಿ. ಕನ್ನಡ ಯಾಕೆ ಜಾಗ ಖಾಲಿ ಮಾಡಬೇಕು?

ಕನ್ನಡದ ವೆಬ್‌ಸೈಟ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಐದು ಹೆಸರುಗಳನ್ನು ನಿಮ್ಮ ಹುಡುಕುಪಟ್ಟಿಯಲ್ಲೂ ವಿಳಾಸದಲ್ಲೂ ಹಾಕಿ ನೋಡಿ: ರಾಜ್‌ಕುಮಾರ್, ಕೋಲಾರ, ಬಿ+, ರಾಗಿ & ಜೋಳ, 45/2. ಐದೂ ಸರಿಯಾದ ಪುಟಕ್ಕೆ ಹೋದರೆ ಆ ಲಿಂಕುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡು ಮತ್ತೊಮ್ಮೆ ಒತ್ತಿ. ಓದುಗರಲ್ಲೂ ಒಂದು ಮಾತು: ಕನ್ನಡದ ಪುಟ ತೆರೆಯದೆ 404 ಬಂದರೆ ಸುಮ್ಮನೆ ಮುಚ್ಚಿಬಿಡಬೇಡಿ. ಆ ಲಿಂಕನ್ನು ಪರ್ಸೆಂಟ್ ಸಮೇತ ನಕಲು ಮಾಡಿ ವೆಬ್‌ಸೈಟಿನವರಿಗೆ ಕಳಿಸಿ. ಗಂಟು ಎಲ್ಲಿ ಬಿಗಿದಿದೆ ಎಂದು ಕಂಡುಹಿಡಿಯಲು ಅವರಿಗೆ ಬೇಕಾಗಿರುವುದು ಅದೊಂದೇ.